ಫೇವರಿಟ್‌ಗಳನ್ನು ಸತಾಯಿಸುವ ಮಿಲಾನ್–ಸಾನ್ ರೆಮೊ

ಇಟಲಿಯ ಮಿಲಾನ್ ನಗರದಿಂದ, ಇತ್ತೀಚಿನ ವರ್ಷಗಳಲ್ಲಿ ಅದರ ಆಸುಪಾಸಿನ ಊರುಗಳಿಂದ, ಹೊರಟು ಲಿಗುರಿಯಾ ಕರಾವಳಿಯ ಸಾನ್ ರೆಮೊ ಪಟ್ಟಣದಲ್ಲಿ ಮುಗಿಯುವ ಮಿಲಾನ್–ಸಾನ್ ರೆಮೊ, ವೃತ್ತಿಪರ ರಸ್ತೆ ಸೈಕ್ಲಿಂಗ್‌ನ ಒಂದು ದಿನದ ಸ್ಪರ್ಧೆಗಳಲ್ಲೆಲ್ಲ ಅತಿ ದೀರ್ಘವಾದದ್ದು. 1907ರಲ್ಲಿ ‘ಗಜೆಟ್ಟಾ ಡೆಲ್ಲೊ ಸ್ಪೋರ್ಟ್’ ಪತ್ರಿಕೆ ಆರಂಭಿಸಿದ ಈ ಸ್ಪರ್ಧೆ ಇಂದಿಗೂ ಮಾರ್ಚ್ ತಿಂಗಳಲ್ಲಿ ಸುಮಾರು 290 ಕಿ.ಮೀ. ಹಾದಿಯಲ್ಲಿ ನಡೆಯುತ್ತದೆ. ಸೈಕ್ಲಿಂಗ್ ಲೋಕ ‘ಮಾನ್ಯುಮೆಂಟ್’ ಎಂಬ ಬಿರುದು ಕೊಟ್ಟಿರುವ ಐದು ಹಳೆಯ ಸ್ಪರ್ಧೆಗಳಲ್ಲಿ ಇದೂ ಒಂದು. ಉಳಿದ ನಾಲ್ಕರಲ್ಲಿ ಕಲ್ಲುಹಾಸಿನ ರಸ್ತೆಗಳೋ ಕಡಿದಾದ ಏರುಗಳೋ ದುರ್ಬಲರನ್ನು ಒಬ್ಬೊಬ್ಬರನ್ನಾಗಿ ಜರಡಿ ಹಿಡಿದು, ಕೊನೆಗೆ ಬಲಿಷ್ಠನನ್ನೇ ಮುಂದೆ ನಿಲ್ಲಿಸುತ್ತವೆ. ಇಲ್ಲಿಯ ರಸ್ತೆಯಾದರೋ ಅಷ್ಟು ಕಠಿಣವಲ್ಲ. ಮುಗಿಸುವುದಕ್ಕೆ ಇಷ್ಟು ಸುಲಭವಾದ, ಗೆಲ್ಲುವುದಕ್ಕೆ ಇಷ್ಟು ಕಷ್ಟವಾದ ದೊಡ್ಡ ಸ್ಪರ್ಧೆ ಇನ್ನೊಂದಿಲ್ಲ ಎಂಬ ಮಾತು ಸವಾರರ ನಡುವೆ ಹಳೆಯದು. ‘ಫೇವರಿಟ್’, ಅಂದರೆ ಗೆಲ್ಲುವವನು ಇವನೇ ಎಂದು ಎಲ್ಲರೂ ಮೊದಲೇ ಎಣಿಸಿಟ್ಟುಕೊಂಡ ಸವಾರ, ಈ ದಾರಿಯಲ್ಲಿ ಪದೇ ಪದೇ ಸೋಲುವುದಕ್ಕೆ ಈ ಸೌಮ್ಯತೆಯೇ ಕಾರಣ.

ಇದರ ಮೂಲ ಗಾಳಿಯಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರ ತನ್ನ ಶಕ್ತಿಯ ಬಹುಪಾಲನ್ನು ಗಾಳಿಯನ್ನು ಸೀಳುವುದಕ್ಕೇ ವ್ಯಯಿಸಬೇಕಾಗುತ್ತದೆ, ಮತ್ತು ಇದಕ್ಕೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಒಂಟಿಯಾಗಿ ಹೋಗುವವನು ವೇಗವನ್ನು ಸ್ವಲ್ಪ ಹೆಚ್ಚಿಸಬೇಕಾದರೂ ಬಹಳ ಬೆಲೆ ತೆರಬೇಕು. ಮುಂದಿನವನ ಚಕ್ರಕ್ಕೆ ತಾಗುವಷ್ಟು ಹತ್ತಿರ ಅಂಟಿಕೊಂಡು ಹೋಗುವವನಿಗೆ ಇದರಲ್ಲಿ ಮೂರನೆಯ ಒಂದು ಪಾಲಿನಷ್ಟಾದರೂ ಉಳಿತಾಯವಾಗುತ್ತದೆ. ‘ಪೆಲೊಟಾನ್’ ಎಂದು ಕರೆಯಲಾಗುವ ಮುಖ್ಯ ಗುಂಪಿನ ಒಡಲಲ್ಲಿ ಅಡಗಿದವನಿಗೆ ಇನ್ನೂ ಹೆಚ್ಚು. ಕಡಿದಾದ ಬೆಟ್ಟದಲ್ಲಿ ವೇಗ ಇಳಿದು ಗಾಳಿಯ ಪಾತ್ರ ಕುಗ್ಗುತ್ತದೆ, ಅಲ್ಲಿ ಬಲವುಳ್ಳವನು ಹಿಂಬಾಲಕರನ್ನು ಕೊಡವಿಕೊಳ್ಳಬಲ್ಲ. ಮಿಲಾನ್–ಸಾನ್ ರೆಮೊದ ಏರುಗಳು ಎಷ್ಟು ಮೆದುವೆಂದರೆ ಇಂದಿನ ಸವಾರರು ಅವುಗಳನ್ನು ಗಂಟೆಗೆ 35 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಹತ್ತುತ್ತಾರೆ, ಆ ವೇಗದಲ್ಲಿ ಮುಂದಿನವನ ಚಕ್ರದ ಆಶ್ರಯ ಏರಿನಲ್ಲಿಯೂ ಬೆಲೆಯುಳ್ಳದ್ದಾಗಿಯೇ ಉಳಿಯುತ್ತದೆ.

ತಂಡಗಳ ವ್ಯವಸ್ಥೆ ಈ ಭೌತಶಾಸ್ತ್ರದ ಮೇಲೆಯೇ ನಿಂತಿದೆ. ಪ್ರತಿ ತಂಡಕ್ಕೆ ಏಳು ಸವಾರರು. ಅವರಲ್ಲಿ ಒಬ್ಬನೋ ಇಬ್ಬರೋ ನಾಯಕರು, ಉಳಿದವರೆಲ್ಲ ನಾಯಕನಿಗಾಗಿ ಗಾಳಿಗೆ ಎದೆಯೊಡ್ಡುವ, ನೀರಿನ ಬಾಟಲಿ ತಂದುಕೊಡುವ, ಅಗತ್ಯ ಬಿದ್ದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುವ ಸಹಾಯಕರು. ಸ್ಪರ್ಧೆ ಆರಂಭವಾದ ಕೆಲವೇ ನಿಮಿಷಗಳಲ್ಲಿ ಸಣ್ಣ ತಂಡಗಳ ಎಂಟು–ಹತ್ತು ಮಂದಿ ಗುಂಪನ್ನು ಬಿಟ್ಟು ಮುಂದೆ ಓಡುವುದು ವಾಡಿಕೆ, ಅವರನ್ನು ಯಾರೂ ತಡೆಯುವುದಿಲ್ಲ. ಗಂಟೆಗಟ್ಟಲೆ ದೂರದರ್ಶನದಲ್ಲಿ ಪ್ರಾಯೋಜಕರ ಹೆಸರು ಕಾಣಿಸಿಕೊಳ್ಳುವುದಷ್ಟೇ ಅವರ ಗಳಿಕೆಯೆಂಬುದು ಓಡುವವರಿಗೂ ಗೊತ್ತು, ಓಡಲು ಬಿಟ್ಟವರಿಗೂ ಗೊತ್ತು. ಒಂಟಿ ಸವಾರ ಉಳಿಸಿಕೊಂಡಿರುವ ಒಂದು ನಿಮಿಷದ ಅಂತರವನ್ನು ಬೆನ್ನಟ್ಟುವ ಗುಂಪು ಹತ್ತು ಕಿಲೋಮೀಟರಿನಲ್ಲಿ ಅಳಿಸಿಹಾಕುತ್ತದೆ ಎಂಬ, ಫ್ರೆಂಚ್ ವೀಕ್ಷಕ ವಿವರಣೆಗಾರ ರೊಬೆರ್ ಷಾಪಾತ್‌ನ ಹೆಸರಿನಲ್ಲಿ ಉಳಿದಿರುವ ಸೂತ್ರವನ್ನು ನೆಚ್ಚಿ, ಫೇವರಿಟ್‌ಗಳ ತಂಡಗಳು ತಲಾ ಒಬ್ಬೊಬ್ಬ ಸಹಾಯಕನನ್ನು ಪೆಲೊಟಾನಿನ ಮುಂದೆ ನಿಲ್ಲಿಸಿ ಆ ಅಂತರವನ್ನು ಕೈಗೆಟುಕುವಷ್ಟರಲ್ಲೇ ಇರಿಸಿಕೊಳ್ಳುತ್ತವೆ. ಹೀಗೆ ಮೊದಲ ಐದು ಗಂಟೆ ಕಣ್ಣಿಗೆ ಕಾಣುವಂಥದ್ದು ಏನೂ ನಡೆಯುವುದಿಲ್ಲ. ಆದರೂ ಆ ಗಂಟೆಗಳು ವ್ಯರ್ಥವಲ್ಲ: ಗಂಟೆಗೆ 90ರಿಂದ 120 ಗ್ರಾಂ ಶರ್ಕರವನ್ನು ತಪ್ಪದೆ ಹೊಟ್ಟೆಗೆ ಇಳಿಸಿಕೊಂಡವನಿಗೂ ನಡುವೆ ಉದಾಸೀನ ಮಾಡಿದವನಿಗೂ ಇರುವ ವ್ಯತ್ಯಾಸ 280ನೆಯ ಕಿಲೋಮೀಟರಿನಲ್ಲಿ ಬಯಲಾಗುತ್ತದೆ.

ಹಾದಿಯ ನಡುವೆ 532 ಮೀಟರ್ ಎತ್ತರದ ತುರ್ಕಿನೊ ಕಣಿವೆಮಾರ್ಗವನ್ನು ದಾಟಿದ ಮೇಲೆ ಸ್ಪರ್ಧೆ ಸಮುದ್ರದ ದಂಡೆಗೆ ಇಳಿದು, ‘ಔರೇಲಿಯಾ’ ಎಂಬ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸಾಗುತ್ತದೆ. ಹಿಂದೊಂದು ಕಾಲದಲ್ಲಿ ತುರ್ಕಿನೊವೇ ಫಲಿತಾಂಶವನ್ನು ನಿರ್ಧರಿಸುತ್ತಿತ್ತು. ಯುದ್ಧ ಮುಗಿದ ಬಳಿಕ 1946ರಲ್ಲಿ ನಡೆದ ಸ್ಪರ್ಧೆಯಲ್ಲಿ ಫೌಸ್ಟೊ ಕೊಪ್ಪಿ ಬಹಳ ಮುಂಚೆಯೇ ಹೊರಟ ಗುಂಪನ್ನು ಸೇರಿ, ಆಮೇಲೆ ಅದನ್ನೂ ಹಿಂದಿಕ್ಕಿ, ಎರಡನೆಯವನಿಗಿಂತ 14 ನಿಮಿಷ ಮೊದಲು ಗುರಿ ಮುಟ್ಟಿದ. ಡಾಂಬರು ನುಣುಪಾಗಿ, ತಂಡಗಳು ಶಿಸ್ತಾದ ಮೇಲೆ ಅಂಥ ಗೆಲುವು ಅಸಾಧ್ಯವಾಯಿತು, ಮತ್ತು ಕೊನೆಯ ಕೆಲವು ನೂರು ಮೀಟರುಗಳ ವೇಗದ ಓಟದಲ್ಲಿ ಮೇಲುಗೈ ಪಡೆಯುವ ಸ್ಪ್ರಿಂಟರ್‌ಗಳು, ಅದರಲ್ಲಿಯೂ ವಿದೇಶೀಯರು, ಸಾನ್ ರೆಮೊವನ್ನು ಆಕ್ರಮಿಸಿಕೊಂಡರು. 1953ರ ನಂತರ ಇಟಾಲಿಯನ್ ವಿಜೇತನೇ ಇಲ್ಲದೆ ಬೇಸತ್ತಿದ್ದ ಸಂಘಟಕರು 1960ರಲ್ಲಿ ಪಟ್ಟಣದ ಹೊರವಲಯದ ಪೊಜ್ಜೊ ಗುಡ್ಡವನ್ನು ಹಾದಿಗೆ ಸೇರಿಸಿದರು. ಆ ವರ್ಷ ಗೆದ್ದವನು ಫ್ರಾನ್ಸಿನ ರೆನೆ ಪ್ರಿವಾ, ಮರುವರ್ಷ ಅದೇ ದೇಶದ ರೇಮಂ ಪುಲಿದೋರ್. ಇಟಾಲಿಯನ್ನನೊಬ್ಬ ಗೆಲ್ಲಲು 1970ರವರೆಗೆ ಕಾಯಬೇಕಾಯಿತು, ಆ ನಡುವೆ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ತನ್ನ ಏಳು ಗೆಲುವುಗಳ ದಾಖಲೆಯಲ್ಲಿ ಮೊದಲ ಮೂರನ್ನು ಆಗಲೇ ಬರೆದುಬಿಟ್ಟಿದ್ದ. 1982ರಲ್ಲಿ ಪೊಜ್ಜೊಗಿಂತ ಮುಂಚೆ ಚಿಪ್ರೆಸ್ಸಾ ಎಂಬ 5.6 ಕಿ.ಮೀ. ಉದ್ದದ ಇನ್ನೊಂದು ಏರನ್ನು ಸೇರಿಸಲಾಯಿತು.

ಪೊಜ್ಜೊವನ್ನು ಮಾತ್ರ ಹತ್ತಿರದಿಂದ ನೋಡಬೇಕು. ಉದ್ದ 3.7 ಕಿ.ಮೀ., ಸರಾಸರಿ ಏರು ಶೇ 4ಕ್ಕಿಂತಲೂ ಕಡಿಮೆ. ಅಂಕಿಗಳನ್ನಷ್ಟೇ ಓದಿದವರಿಗೆ ಇದರಲ್ಲೇನಿದೆ ಎನಿಸುವುದು ಸಹಜ. ಔರೇಲಿಯಾದಿಂದ ಬಲಕ್ಕೆ ತಿರುಗುವ ಕಿರಿದಾದ ರಸ್ತೆ, ಹೂ ಬೆಳೆಯುವ ಗಾಜಿನ ಮನೆಗಳ ನಡುವೆ ಬಳುಕುತ್ತ ಏರುತ್ತದೆ. ಆ ತಿರುವಿಗೆ ಮೊದಲ ಇಪ್ಪತ್ತರೊಳಗೆ ಬಂದವನಿಗೆ ಮಾತ್ರ ಅವಕಾಶ. ಐವತ್ತನೆಯವನಾಗಿ ಬಂದವನು ಎಷ್ಟೇ ಬಲಿಷ್ಠನಾಗಿರಲಿ, ಮುಂದೆ ಓಡುತ್ತಿರುವವರನ್ನು ಕಾಣುವಷ್ಟರಲ್ಲಿ ಗುಡ್ಡ ಮುಗಿದಿರುತ್ತದೆ. ಆದ್ದರಿಂದಲೇ ಗುಡ್ಡಕ್ಕೆ ಮುಂಚಿನ ಬಯಲುರಸ್ತೆಯಲ್ಲಿ ಎಲ್ಲ ತಂಡಗಳೂ ತಮ್ಮ ನಾಯಕರನ್ನು ಮುಂದೆ ತರಲು ಭುಜಕ್ಕೆ ಭುಜ ತಾಗಿಸಿ ನುಗ್ಗುತ್ತವೆ, ಬಹಳ ಮಂದಿಯ ಸ್ಪರ್ಧೆ ಮುಗಿಯುವುದು ಗುಡ್ಡದಲ್ಲಲ್ಲ, ಅಲ್ಲಿಯೇ. ನೆತ್ತಿಗೆ ಸುಮಾರು ಒಂದು ಕಿಲೋಮೀಟರ್ ಇರುವಾಗ ರಸ್ತೆ ಶೇ 8ರಷ್ಟು ಕಡಿದಾಗುತ್ತದೆ; ದಾಳಿಗಳು, ಅಂದರೆ ಜೊತೆಯವರನ್ನು ಹಿಂದೆ ಬಿಡಲು ಒಮ್ಮೆಲೇ ವೇಗ ಹೆಚ್ಚಿಸುವ ಪ್ರಯತ್ನಗಳು, ಹೆಚ್ಚಾಗಿ ನಡೆಯುವುದು ಇಲ್ಲಿ. ನೆತ್ತಿಯಲ್ಲಿ ಒಂದು ದೂರವಾಣಿ ಪೆಟ್ಟಿಗೆಯ ಪಕ್ಕದಲ್ಲಿ ಎಡಕ್ಕೆ ತಿರುಗಿದರೆ ಹೇರ್‌ಪಿನ್ ತಿರುವುಗಳ ಇಳಿಜಾರು, ಅದರ ಬುಡದಿಂದ ‘ವಿಯಾ ರೋಮಾ’ ಎಂಬ ಬೀದಿಯ ಗುರಿಗೆರೆಗೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ಸಮತಟ್ಟು ದಾರಿ. ನೆತ್ತಿಯಿಂದ ಗುರಿಗೆ ಒಟ್ಟು ಐದೂವರೆ ಕಿಲೋಮೀಟರ್. ಒಂಟಿ ಸವಾರ ಅಷ್ಟು ದೂರ ಉಳಿಯಬಲ್ಲನೇ, ಇಲ್ಲವೇ ಎಂಬುದು ಸೆಕೆಂಡುಗಳಲ್ಲಿ ತೀರ್ಮಾನವಾಗುವ ಸಂಗತಿಯಾದ್ದರಿಂದ ಯಾವ ಬಗೆಯ ಸವಾರನೂ ಇಲ್ಲಿ ಸಂಪೂರ್ಣವಾಗಿ ಲೆಕ್ಕದಿಂದ ಹೊರಗಲ್ಲ.

ಫೇವರಿಟ್‌ನ ಸಂಕಟ ಆರಂಭವಾಗುವುದು ಇಲ್ಲಿಂದ. ಅವನ ಮೇಲೆ ಎಲ್ಲರ ಕಣ್ಣು. ಅವನು ದಾಳಿ ಮಾಡಿದರೆ ಎಲ್ಲರೂ ಅವನ ಚಕ್ರಕ್ಕೆ ಅಂಟಿಕೊಳ್ಳುತ್ತಾರೆ, ಬೇರೊಬ್ಬ ದಾಳಿ ಮಾಡಿದರೆ ಬೆನ್ನಟ್ಟುವ ಹೊಣೆಯನ್ನು ಅವನಿಗೇ ಬಿಡುತ್ತಾರೆ. ಸ್ಲೊವಾಕಿಯಾದ ಪೀಟರ್ ಸಗಾನ್ 2017ರಲ್ಲಿ ಪೊಜ್ಜೊದ ಮೇಲೆ ಮಾಡಿದ ದಾಳಿ ಅದ್ಭುತವಾಗಿತ್ತು. ಅವನ ಜೊತೆ ಉಳಿದವರು ಮಿಖಾವ್ ಕ್ವಿಯಾಟ್‌ಕೊವ್‌ಸ್ಕಿ, ಜೂಲಿಯನ್ ಅಲಾಫಿಲಿಪ್ ಇಬ್ಬರೇ. ಆದರೆ ಗುರಿಯವರೆಗೆ ಗಾಳಿಗೆ ಎದುರಾಗಿ ಹೆಚ್ಚು ದುಡಿದವನು ಸಗಾನ್, ಗೆರೆಯಲ್ಲಿ ಚಕ್ರದ ಅಂತರದಿಂದ ಗೆದ್ದವನು ಕ್ವಿಯಾಟ್‌ಕೊವ್‌ಸ್ಕಿ. ಮರುವರ್ಷ ವಿನ್ಸೆಂಜೊ ನಿಬಾಲಿ ಅದೇ ಏರಿನಲ್ಲಿ ಹೊರಟಾಗ ಫೇವರಿಟ್‌ಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಿಬಾಲಿ ಹಲವು ದಿನಗಳ ಸ್ಪರ್ಧೆಗಳ, ದೊಡ್ಡ ಬೆಟ್ಟಗಳ ಸವಾರ, ಅವನನ್ನು ಬೆನ್ನಟ್ಟುವುದು ತನ್ನ ಕೆಲಸವಲ್ಲವೆಂದು ಪ್ರತಿಯೊಬ್ಬನೂ ಭಾವಿಸಿದ ಆ ಕೆಲವು ಸೆಕೆಂಡುಗಳೇ ಸಾಕಾದವು. ಹಿಂದೆಯೇ ಭೋರ್ಗರೆದು ಬಂದ ಗುಂಪಿಗಿಂತ ಕೆಲವೇ ಮೀಟರ್ ಮುಂದೆ ಅವನು ಕೈಯೆತ್ತಿದ. ಸಗಾನ್ ಎರಡು ಬಾರಿ ಎರಡನೆಯವನಾದನೇ ಹೊರತು ಈ ಸ್ಪರ್ಧೆಯನ್ನು ಎಂದೂ ಗೆಲ್ಲಲಿಲ್ಲ. ಗೆರೆ ದಾಟುವವರೆಗೆ ಇಲ್ಲಿ ಯಾವುದೂ ಖಚಿತವಲ್ಲ: ಅಷ್ಟರಲ್ಲಾಗಲೇ ನಾಲ್ಕು ಸಲ ಗೆದ್ದಿದ್ದ ಜರ್ಮನಿಯ ಎರಿಕ್ ಝಾಬೆಲ್ 2004ರಲ್ಲಿ ಗೆದ್ದೆನೆಂದು ತುಸು ಮುಂಚೆ ಕೈಯೆತ್ತಿದಾಗ, ಪಕ್ಕದಲ್ಲಿದ್ದ ಆಸ್ಕರ್ ಫ್ರೇರೆ ಸೈಕಲನ್ನು ಮುಂದಕ್ಕೆ ಚಾಚಿ ಗೆಲುವನ್ನು ಕಸಿದುಕೊಂಡ.

ಏರಿನಲ್ಲಿ ಸಾಧ್ಯವಾಗದ್ದು ಕೆಲವೊಮ್ಮೆ ಇಳಿಜಾರಿನಲ್ಲಿ ಸಾಧ್ಯವಾಗುತ್ತದೆ. 1992ರಲ್ಲಿ ಮೊರೆನೊ ಅರ್ಜೆಂಟಿನ್ ಪೊಜ್ಜೊದ ನೆತ್ತಿಯನ್ನು ಒಂಟಿಯಾಗಿ ದಾಟಿದಾಗ ಅವನ ಗೆಲುವನ್ನು ಎಲ್ಲರೂ ಒಪ್ಪಿಕೊಂಡಾಗಿತ್ತು. 35 ವರ್ಷದ ಐರಿಷ್ ಸವಾರ ಶಾನ್ ಕೆಲ್ಲಿ ತಿರುವು ತಿರುವಿನಲ್ಲೂ ಅಪಾಯವನ್ನು ಮೈಮೇಲೆ ಎಳೆದುಕೊಂಡು ಇಳಿದು, ಕೊನೆಯ ಕಿಲೋಮೀಟರಿನಲ್ಲಿ ಅವನನ್ನು ಹಿಡಿದು ಸ್ಪ್ರಿಂಟ್‌ನಲ್ಲಿ ಸೋಲಿಸಿದ. ಇದಕ್ಕೆ ಮೂವತ್ತು ವರ್ಷಗಳ ಬಳಿಕ ಸ್ಲೊವೇನಿಯಾದ ಮಾತೇಯ್ ಮೊಹೊರಿಚ್ ಇದೇ ಇಳಿಜಾರಿಗೆಂದು ತನ್ನ ಸೈಕಲ್ಲನ್ನೇ ಬದಲಿಸಿಕೊಂಡು ಬಂದ. ಗುಡ್ಡಗಾಡು ಸೈಕಲ್ಲುಗಳಲ್ಲಿ ಬಳಸುವ, ಗುಂಡಿ ಒತ್ತಿದರೆ ಸೀಟು ಕೆಳಕ್ಕೆ ಇಳಿಯುವ ‘ಡ್ರಾಪರ್’ ಕಂಬವನ್ನು ಅವನು ರಸ್ತೆಯ ಸೈಕಲ್ಲಿಗೆ ಅಳವಡಿಸಿದ್ದ. ಸೀಟು ಇಳಿದರೆ ದೇಹದ ಭಾರ ನೆಲಕ್ಕೆ ಹತ್ತಿರವಾಗಿ, ತಿರುವಿನಲ್ಲಿ ಹೆಚ್ಚು ವೇಗ ತಾಳಿಕೊಳ್ಳಬಹುದು. ಒಂದು ತಿರುವಿನಲ್ಲಿ ರಸ್ತೆಯಂಚಿನ ಮೋರಿಗೆ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾದ ಅವನು 2022ರ ಸ್ಪರ್ಧೆಯನ್ನು ಒಂಟಿಯಾಗಿ ಗೆದ್ದ. ಆ ದಿನ ಏರಿನಲ್ಲಿ ಹಲವು ಬಾರಿ ದಾಳಿ ಮಾಡಿ ಎಲ್ಲರನ್ನೂ ದಣಿಸಿದವನು ಅವನ ದೇಶಬಾಂಧವ ತಾದೆಯ್ ಪೊಗಾಚಾರ್. ಅವನಿಗೆ ಸಿಕ್ಕಿದ್ದು ಐದನೆಯ ಸ್ಥಾನ.

ತನ್ನ ಕಾಲದ ಅತ್ಯಂತ ಬಲಿಷ್ಠ ಸವಾರನೆಂದು ಬಹುತೇಕ ಎಲ್ಲರೂ ಒಪ್ಪುವ ಪೊಗಾಚಾರ್‌ನ ನಂತರದ ಮೂರು ವರ್ಷಗಳ ಫಲಿತಾಂಶ ಈ ಸ್ಪರ್ಧೆಯ ಸ್ವಭಾವಕ್ಕೆ ಕನ್ನಡಿ: 2023ರಲ್ಲಿ ನಾಲ್ಕನೆಯವನು, 2024 ಮತ್ತು 2025ರಲ್ಲಿ ಮೂರನೆಯವನು. ಮೂರು ಬಾರಿಯೂ ಅವನಿಗೆ ಅಡ್ಡ ನಿಂತವನು 1961ರ ವಿಜೇತ ಪುಲಿದೋರ್‌ನ ಮೊಮ್ಮಗ, ನೆದರ್ಲೆಂಡ್ಸ್‌ನ ಮ್ಯಾಥ್ಯೂ ವಾನ್ ಡೆರ್ ಪೂಲ್. 2023ರಲ್ಲಿ ಪೊಗಾಚಾರ್‌ನ ದಾಳಿಯನ್ನು ತಾಳಿಕೊಂಡ ವಾನ್ ಡೆರ್ ಪೂಲ್ ನೆತ್ತಿಯ ಹತ್ತಿರ, ಇತರರಿಗೆ ಉಸಿರು ಸಿಕ್ಕದ ಕ್ಷಣದಲ್ಲಿ ತಾನೇ ಹೊರಟು ಒಂಟಿಯಾಗಿ ಗೆದ್ದ. ಮರುವರ್ಷ ತಂತ್ರ ಇನ್ನೂ ಜಾಣತನದ್ದು. ಅವನ ತಂಡದಲ್ಲಿ ಯಾಸ್ಪರ್ ಫಿಲಿಪ್ಸನ್ ಎಂಬ ಸ್ಪ್ರಿಂಟರ್ ಕೂಡ ಇದ್ದುದರಿಂದ ಗುಂಪು ಒಡೆದರೂ ಲಾಭ, ಒಡೆಯದಿದ್ದರೂ ಲಾಭ. ವಾನ್ ಡೆರ್ ಪೂಲ್ ಪೊಜ್ಜೊದಲ್ಲಿ ಪೊಗಾಚಾರ್‌ನ ಬೆನ್ನು ಬಿಡದೆ ಹಿಡಿದು, ಬಯಲಿನಲ್ಲಿ ಗೆಳೆಯನಿಗಾಗಿ ದುಡಿದ. ಗಂಟೆಗೆ 46 ಕಿ.ಮೀ. ಮೀರಿದ ದಾಖಲೆಯ ಸರಾಸರಿ ವೇಗದ ಆ ಸ್ಪರ್ಧೆಯನ್ನು ಫಿಲಿಪ್ಸನ್ ಮೈಕಲ್ ಮ್ಯಾಥ್ಯೂಸ್‌ನನ್ನು ಅಲ್ಪ ಅಂತರದಿಂದ ಹಿಂದಿಕ್ಕಿ ಗೆದ್ದುಕೊಂಡ.

ಪೊಜ್ಜೊ ತನಗೆ ಸಾಲದೆಂಬುದು ಪೊಗಾಚಾರ್‌ಗೆ ಅಷ್ಟರಲ್ಲಿ ಮನವರಿಕೆಯಾಗಿತ್ತು. 1996ರಲ್ಲಿ ಗಾಬ್ರಿಯೇಲೆ ಕೊಲಂಬೊ ಗೆದ್ದ ಮೇಲೆ ಚಿಪ್ರೆಸ್ಸಾದಿಂದ ಹೊರಟವರಾರೂ ಗೆಲುವಿನವರೆಗೆ ಉಳಿದಿರಲಿಲ್ಲವಾದರೂ, 2025ರಲ್ಲಿ ಅವನ ತಂಡ ಆ ಏರನ್ನೇ ಆರಿಸಿಕೊಂಡಿತು. ಸಹಾಯಕರು ಬುಡದಿಂದಲೇ ವೇಗವನ್ನು ಏರಿಸಿದರು, ಗುರಿಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಇರುವಾಗ ಪೊಗಾಚಾರ್ ಹೊರಟ. ಪೆಲೊಟಾನ್ ಚಿಂದಿಯಾಯಿತು, ಯೋಜನೆ ಬಹುಮಟ್ಟಿಗೆ ಫಲಿಸಿತು. ಉಳಿದದ್ದು ವಾನ್ ಡೆರ್ ಪೂಲ್ ಮತ್ತು ಇಟಲಿಯ ಫಿಲಿಪ್ಪೊ ಗನ್ನಾ ಇಬ್ಬರನ್ನು ಕಳಚಿಕೊಳ್ಳುವ ಕೆಲಸ. ಪೊಜ್ಜೊದ ಮೇಲೆ ಅವನು ಮತ್ತೆ ಮತ್ತೆ ಪ್ರಯತ್ನಿಸಿದರೂ ವಾನ್ ಡೆರ್ ಪೂಲ್ ಅಲುಗಲಿಲ್ಲ, ಪ್ರತಿದಾಳಿಯನ್ನೂ ಮಾಡಿದ. ಏರಿನಲ್ಲಿ ಹಿಂದೆ ಬಿದ್ದ ಗನ್ನಾ ತನ್ನದೇ ಲಯದಲ್ಲಿ ತುಳಿದು ಬಯಲಿನಲ್ಲಿ ಮತ್ತೆ ಬಂದು ಸೇರಿಕೊಂಡ. ಮೂವರಲ್ಲಿ ಅತಿ ವೇಗದ ಸ್ಪ್ರಿಂಟ್ ತನ್ನದೆಂದು ತಿಳಿದಿದ್ದ ವಾನ್ ಡೆರ್ ಪೂಲ್ ವಿಯಾ ರೋಮಾದಲ್ಲಿ ಯಾರಿಗೂ ಕಾಯದೆ ದೂರದಿಂದಲೇ ಓಟ ಆರಂಭಿಸಿದ, ಪಕ್ಕಕ್ಕೆ ಬರಲು ಯಾರಿಗೂ ಆಗಲಿಲ್ಲ. ಪೊಗಾಚಾರ್ ತಂತ್ರದಲ್ಲಿ ಎಡವಿದನೆಂದು ಹೇಳುವುದು ಕಷ್ಟ; ಆ ದಾರಿಯಲ್ಲಿ ಅವನಿಗೆ ತೆರೆದಿದ್ದ ಬಾಗಿಲು ಅದೊಂದೇ.

ಅದೇ ದಿನ, ಅದೇ ಗುಡ್ಡಗಳ ಮೇಲೆ, 2005ರ ನಂತರ ನಿಂತುಹೋಗಿದ್ದ ಮಹಿಳೆಯರ ಸ್ಪರ್ಧೆಯೂ ಜಿನೋವಾದಿಂದ ಸಾನ್ ರೆಮೊಗೆ 156 ಕಿ.ಮೀ. ದೂರದಲ್ಲಿ ಮರಳಿ ನಡೆಯಿತು. ಇಟಲಿಯ ಎಲಿಸಾ ಲೊಂಗೊ ಬೊರ್ಗಿನಿ ಪೊಜ್ಜೊ ಇಳಿದ ಮೇಲಿನ ಬಯಲಿನಲ್ಲಿ ಒಂಟಿಯಾಗಿ ಹೊರಟು, ಗೆಲುವು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಳು. ಅವಳನ್ನು ಬೆನ್ನಟ್ಟಿ ಹಿಡಿದವಳು ಬೇರೆ ಯಾವ ಸ್ಪರ್ಧೆಯಲ್ಲಾದರೂ ಸ್ವತಃ ಫೇವರಿಟ್ ಎನಿಸಬಹುದಾಗಿದ್ದ ವಿಶ್ವ ಚಾಂಪಿಯನ್ ಲೊಟ್ಟೆ ಕೊಪೆಕಿ. ಸಾನ್ ರೆಮೊದಲ್ಲಿ ಆ ದಿನ ಅವಳು ತಂಡದ ಸ್ಪ್ರಿಂಟರ್ ಲೊರೆನಾ ವೀಬೆಸ್‌ಗೆ ದಾರಿ ಮಾಡಿಕೊಡುವ ಸಹಾಯಕಿಯಾಗಿದ್ದಳು. ವೀಬೆಸ್ ಗೆದ್ದಳು, ಮರಿಯಾನೆ ವೋಸ್ ಎರಡನೆಯವಳಾದಳು.