ತಾಯಿಯ ಕುಲ ಕೆದಕಿ ಪಾಠ ನಿಲ್ಲಿಸಿದರು!

ಮೇಷ್ಟ್ರೊಬ್ಬರ ನೌಕರಿ ಕಿತ್ತುಕೊಳ್ಳಲು ಏನು ಕಾರಣ ಬೇಕು? ದುಡ್ಡು ತಿಂದಿರಬೇಕು, ಇಲ್ಲವೇ ಪಾಠ ಬಾರದೆ ಇರಬೇಕು. ಹ್ಯೂಬರ್ಟ್ ಯೇಡಿನ್ ಎಂಬ ಜರ್ಮನ್ ಕ್ಯಾಥೊಲಿಕ್ ಪಾದ್ರಿಯ ಮೇಲಿದ್ದ ದೂರು ಇವೆರಡೂ ಅಲ್ಲ. ಹೆತ್ತ ತಾಯಿ ಯಹೂದಿ ಕುಲದಲ್ಲಿ ಹುಟ್ಟಿದವಳು, ಅಷ್ಟೇ. ಆಕೆ ಕ್ಯಾಥೊಲಿಕ್ ಮತಕ್ಕೆ ಸೇರಿ ಎಷ್ಟೋ ಕಾಲವಾಗಿತ್ತು, ಮಗ ಪಾದ್ರಿಯೇ ಆಗಿದ್ದ. ಹಿಟ್ಲರನ ಸರ್ಕಾರಕ್ಕೆ ಅದೆಲ್ಲ ಬೇಕಿರಲಿಲ್ಲ. 1933ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಹಕ್ಕನ್ನೇ ಕಸಿದುಕೊಂಡಿತು.

ಈತ 1900ರಲ್ಲಿ ಸಿಲೇಷಿಯಾದ ಹಳ್ಳಿಯೊಂದರಲ್ಲಿ ಹುಟ್ಟಿದವ. ಅಪ್ಪ ಊರಿನ ಸ್ಕೂಲ್ ಮೇಷ್ಟ್ರು. 1924ರಲ್ಲಿ ಪಾದ್ರಿ ದೀಕ್ಷೆ. ಆಮೇಲೆ ಹತ್ತಿದ್ದು ಟ್ರೆಂಟ್ ಸಭೆಯ ಹುಚ್ಚು.

ಏನದು ಟ್ರೆಂಟ್ ಸಭೆ? ಲೂಥರ್ ಪೋಪರಿಗೆ ಎದುರು ನಿಂತು ಯುರೋಪಿನ ಕ್ರೈಸ್ತರು ಎರಡು ಪಾಲಾದಾಗ ಬಿಷಪ್ಪರು ಇಟಲಿ ಕಡೆಯ ಟ್ರೆಂಟ್ ಪಟ್ಟಣದಲ್ಲಿ ಸೇರಿದರು. 1545ರಲ್ಲಿ ಶುರುವಾದದ್ದು, ನಡುವೆ ನಿಂತು ನಿಂತು, 1563ಕ್ಕೆ ಮುಗಿಯಿತು. ಪಾದ್ರಿಯಾಗುವ ಹುಡುಗರಿಗೆ ಸೆಮಿನರಿ ಇರಲೇಬೇಕೆಂದು ಕಟ್ಟಳೆಯಾದದ್ದು ಅಲ್ಲೇ. ನಮ್ಮ ಮಂಗಳೂರಿನ ಜೆಪ್ಪು ಸೆಮಿನರಿಯ ಬೇರು ಹುಡುಕಿದರೂ ಆ ಊರಿಗೇ ಹೋಗಬೇಕು.

ಸಭೆಯ ಒಳಗುಟ್ಟೇನು? ವೆನಿಸ್ಸಿನ ಸಾರ್ಪಿ 1619ರಲ್ಲಿ ಪುಸ್ತಕ ಬರೆದು ಎಲ್ಲವೂ ರೋಮಿನ ಮಸಲತ್ತು ಎಂದ. 1656ರ ಹೊತ್ತಿಗೆ ಪಲ್ಲವಿಚಿನೊ ಎಂಬ ಜೆಸುಯಿಟ್ ಪಾದ್ರಿ ರೋಮಿನ ಪರ ಜವಾಬು ಬರೆದ. ಥೇಟು ಕೋರ್ಟಿನ ವಾದಿ, ಪ್ರತಿವಾದಿ! ವ್ಯಾಟಿಕನ್ನಿನಲ್ಲಿದ್ದ ಅಸಲು ಕಾಗದಪತ್ರ ಹೊರಗಿನ ವಿದ್ವಾಂಸರ ಕೈಗೆ ಸಿಕ್ಕಿದ್ದು 1881ರಲ್ಲಿ ಪೋಪ್ 13ನೇ ಲಿಯೋ ಬೀಗ ತೆಗೆಸಿದ ಮೇಲೇ.

ನೌಕರಿ ಹೋದ ಯೇಡಿನ್ ರೋಮಿಗೆ ಹೋಗಿ ಆ ಕಾಗದಗಳ ಮುಂದೆ ಕೂತ. 1936ರಲ್ಲಿ ಬ್ರೆಸ್ಲಾವಿಗೆ ವಾಪಸು ಬಂದು ಬಿಷಪ್ಪರ ಹಳೇ ದಫ್ತರ ನೋಡಿಕೊಳ್ಳುವ ಕೆಲಸ ಹಿಡಿದ. 1938ರ ನವೆಂಬರಿನಲ್ಲಿ ಜರ್ಮನಿಯ ಉದ್ದಗಲಕ್ಕೂ ಯಹೂದಿಗಳ ಅಂಗಡಿ ಒಡೆದು, ಪ್ರಾರ್ಥನಾ ಮಂದಿರ ಸುಟ್ಟರಲ್ಲ, ಆಗ ಈ ಪಾದ್ರಿಯನ್ನೂ ಹಿಡಿದೊಯ್ದರು. ಬಿಡುಗಡೆಯೇನೋ ಆಯಿತು. ಇನ್ನು ಅಲ್ಲಿದ್ದರೆ ಉಳಿಗಾಲವಿಲ್ಲವೆಂದು 1939ರಲ್ಲಿ ಮತ್ತೆ ರೋಮು ಸೇರಿದ. ವ್ಯಾಟಿಕನ್ನಿನ ಪಕ್ಕದ ಜರ್ಮನ್ ಪಾದ್ರಿಗಳ ಮನೆಯಲ್ಲಿ ಹತ್ತು ವರ್ಷ. ಹೊರಗೆ ಯುದ್ಧ, ಒಳಗೆ 400 ವರ್ಷದ ಹಳೇ ಕಾಗದ.

1949ರಲ್ಲಿ ಟ್ರೆಂಟ್ ಸಭೆಯ ಇತಿಹಾಸದ ಮೊದಲ ಸಂಪುಟ ಬಂತು. ಪಾದ್ರಿಯಲ್ಲವೇ, ಪೋಪರ ವಕಾಲತ್ತು ವಹಿಸಿರಬೇಕು ಅಂದುಕೊಂಡವರಿಗೆ ನಿರಾಸೆ. ಸಭೆ ಕರೆಯಿರಿ ಎಂದು ಜನ ಕೂಗುತ್ತಿದ್ದರೂ, ಅಧಿಕಾರ ಕೈತಪ್ಪೀತೆಂದು ಹೆದರಿದ ರೋಮು ವರ್ಷಗಟ್ಟಲೆ ಕಾಲ ತಳ್ಳಿದ್ದನ್ನು ಬಿಡಿಸಿ ಬರೆದಿದ್ದ. ಹಾಗಂತ ಸಾರ್ಪಿಯ ಪಕ್ಷವನ್ನೂ ಸೇರಲಿಲ್ಲ. ಚರ್ಚಿನ ಸುಧಾರಣೆ ಲೂಥರನಿಗೆ ಬೆದರಿ ಶುರುವಾದದ್ದಲ್ಲ, ಅವನಿಗಿಂತ ಮೊದಲೇ ಒಳಗಿನಿಂದ ಮೊಳೆತಿತ್ತು ಎಂಬುದು ಈತನ ವಾದ.

ಅದೇ ವರ್ಷ ಜರ್ಮನಿಗೆ ಮರಳಿ ಬಾನ್‌ನಲ್ಲಿ ಪಾಠ ಹೇಳತೊಡಗಿದ. 1962ರಿಂದ 1965ರ ತನಕ ರೋಮಿನಲ್ಲಿ ಎರಡನೇ ವ್ಯಾಟಿಕನ್ ಸಭೆ ನಡೆದಾಗ ಹಳೇ ಸಭೆಗಳ ಈ ಪಂಡಿತನನ್ನೇ ಸಲಹೆಗಾರರಲ್ಲಿ ಒಬ್ಬನಾಗಿ ಕರೆಸಿಕೊಂಡರು. ಟ್ರೆಂಟ್ ಇತಿಹಾಸದ ಕೊನೆಯ ಸಂಪುಟ ಬಂದದ್ದು 1975ರಲ್ಲಿ. 18 ವರ್ಷದ ಸಭೆಯ ಕಥೆ ಅಚ್ಚಾಗಿ ಮುಗಿಯಲು 26 ವರ್ಷ!

1980ರಲ್ಲಿ ಬಾನ್‌ನಲ್ಲೇ ತೀರಿಕೊಂಡ. ಪಾಠ ನಿಲ್ಲಿಸಿದ್ದ ಬ್ರೆಸ್ಲಾವ್ ಅಷ್ಟರಲ್ಲಿ ಪೋಲೆಂಡಿನ ಪಾಲಾಗಿ ವ್ರೋಟ್ಸ್ವಾಫ್ ಆಗಿತ್ತು.