ಐನೂರು ರೂಪಾಯಿ ಕಟ್ಟಿ ಸುಮ್ಮನಾಗಬಹುದಿತ್ತು

2023ರ ಫೆಬ್ರವರಿ ಮೊದಲ ವಾರ ನೆನಪಿದೆಯಾ? ಬಾಕಿ ಉಳಿದ ಟ್ರಾಫಿಕ್ ದಂಡಕ್ಕೆ ರಾಜ್ಯ ಸರ್ಕಾರ ಶೇ 50 ರಿಯಾಯಿತಿ ಕೊಟ್ಟಿತ್ತು. ಫೆಬ್ರವರಿ 11 ಕೊನೆಯ ದಿನ. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: 'ನಿಂದೆಷ್ಟಿದೆ? ನಂದು ಆರು ಕೇಸು!' ನಾನೂ ಕುತೂಹಲಕ್ಕೆ ನನ್ನ ಕಾರಿನ ನಂಬರ್ ಹಾಕಿ ನೋಡಿದೆ. ಒಂದೇ ಒಂದು ಕೇಸು ಇತ್ತು. ಅತಿವೇಗ, ಗಂಟೆಗೆ 98 ಕಿಲೋಮೀಟರ್. ಆ ಜಾಗದಲ್ಲಿ ಮಿತಿ 80. ದಂಡ ಸಾವಿರ, ರಿಯಾಯಿತಿ ಕಳೆದರೆ ಐನೂರು.

ತಾರೀಖು ನೋಡಿದಾಗ ನಗು ಬಂತು. ಸಂಕ್ರಾಂತಿ ಮುಗಿಸಿಕೊಂಡು ಹಾಸನದಿಂದ ಅಪ್ಪ ಅಮ್ಮ ನನ್ನ ಮನೆಗೆ ಬಂದ ದಿನ ಅದು. ಕಾರು ನನ್ನ ಹೆಸರಿನಲ್ಲಿದ್ದರೂ ಇರೋದು ಊರಲ್ಲೇ, ಓಡಿಸೋದು ಅಪ್ಪ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಅಪ್ಪ!

ಫೋನ್ ಮಾಡಿ, 'ಏನಪ್ಪಾ, ಈ ವಯಸ್ಸಲ್ಲಿ ರೇಸಾ?' ಅಂತ ಛೇಡಿಸಿದೆ.

ಅಪ್ಪ ನಗಲಿಲ್ಲ. 'ನಾನು ಆ ಸ್ಪೀಡಲ್ಲಿ ಹೋಗಿಲ್ಲ ಕಣಮ್ಮ' ಅಂದರು.

'ಖಾಲಿ ರೋಡು, ಗೊತ್ತಾಗಿರಲ್ಲ ಬಿಡಪ್ಪ. ಐನೂರು ತಾನೆ, ಈಗಲೇ ಕಟ್ಟಿಬಿಡ್ತೀನಿ.'

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, 'ಕಟ್ಟಿದ್ರೆ ಒಪ್ಕೊಂಡಂಗೆ ಅಲ್ವಾ?' ಅಂತ ಕೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಪಿಸುಗುಟ್ಟಿದರು: 'ಏನಂದ್ಯೇ? ಶೋಕೇಸಿಂದ ಆ ಮೆಡಲ್ ತೆಗೆದು ಒರೆಸ್ತಾ ಕೂತವ್ರೆ.' ಅಪಘಾತವಿಲ್ಲದ ಚಾಲನೆಗೆ ಅಪ್ಪನಿಗೆ ಸಿಕ್ಕ ಪದಕ ಅದು. ಆ ಕ್ಷಣ ನನಗೆ ಅರ್ಥವಾಯಿತು. ಅಪ್ಪನಿಗೆ ನೋವಾಗಿದ್ದು ಕ್ಯಾಮೆರಾ ಹೇಳಿದ್ದಕ್ಕಲ್ಲ, ಕ್ಯಾಮೆರಾ ಹೇಳಿದ ತಕ್ಷಣ ಮಗಳು ನಂಬಿಬಿಟ್ಟಿದ್ದಕ್ಕೆ.

ದಂಡ ಕಟ್ಟುವುದು ಅಂದರೆ ಏನು?

ಅವತ್ತು ರಾತ್ರಿ ಕೂತು ಓದಿದೆ. ನಾವು ಫೋನಲ್ಲಿ ಪಟಕ್ಕಂತ ಕಟ್ಟುವ ದಂಡಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರ ಪ್ರಕಾರ 'ರಾಜಿ' ಎಂದು ಅರ್ಥ. ಕೋರ್ಟಿಗೆ ಹೋಗದೆ ಅಲ್ಲಿಗೇ ಮುಗಿಸಿಕೊಳ್ಳುವ ದಾರಿ. ಕಟ್ಟಿದ ಮೇಲೆ 'ತಪ್ಪು ನಂದಲ್ಲ' ಅನ್ನಲು ಜಾಗವೇ ಇರುವುದಿಲ್ಲ. ಅತಿವೇಗಕ್ಕೆ ಅನ್ವಯಿಸುವ ಸೆಕ್ಷನ್ 183ರಲ್ಲಿ ಎರಡನೇ ಬಾರಿ ಸಿಕ್ಕಿಬಿದ್ದರೆ ಡ್ರೈವಿಂಗ್ ಲೈಸೆನ್ಸನ್ನೇ ವಶಪಡಿಸಿಕೊಳ್ಳಬಹುದು. ಹಾಗಾಗಿ 'ಐನೂರು ತಾನೆ' ಅನ್ನುವ ನನ್ನ ಲೆಕ್ಕ ಅಷ್ಟು ಸರಳವಾಗಿರಲಿಲ್ಲ.

ಇನ್ನೊಂದು ವಿಷಯವೂ ಸಿಕ್ಕಿತು. ಕ್ಯಾಮೆರಾ ಕೇಸುಗಳಿಗೆಂದೇ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿಸಿದ್ದಾರೆ. ವೇಗ ಅಳೆಯುವ ಸಾಧನಕ್ಕೆ ಅನುಮೋದನೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು. ಕ್ಯಾಮೆರಾ ಇದೆ ಎಂದು ಮುಂಚೆಯೇ ಫಲಕ ಹಾಕಿರಬೇಕು. ಚಲನ್ ಜೊತೆಗೆ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಫೋಟೊ, ಸಾಧನ ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಇರಬೇಕು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುವ ಪ್ರಮಾಣಪತ್ರವೂ ಇರಬೇಕು. ಅದು ಆಗ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಅಡಿಯಲ್ಲಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಬಂದಿದೆ. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಎಂದೂ ಆ ನಿಯಮದಲ್ಲಿತ್ತು.

ನನಗೆ ಯಾಕೆ ಎಸ್‌ಎಂಎಸ್ ಬರಲಿಲ್ಲ? ಆ ತಪ್ಪು ನನ್ನದೇ. ಆರ್‌ಸಿಯಲ್ಲಿದ್ದದ್ದು ನಾನು ಯಾವತ್ತೋ ಬಿಟ್ಟಿದ್ದ ಹಳೇ ಸಿಮ್ಮಿನ ನಂಬರ್.

ಕತ್ತರಿಸಿದ ಫೋಟೊ

ಫೋನಲ್ಲಿ ಕಾಣುತ್ತಿದ್ದ ಫೋಟೊದಲ್ಲಿ ಇದ್ದದ್ದು ನಮ್ಮ ಕಾರಿನ ಹಿಂಭಾಗ, ನಂಬರ್ ಪ್ಲೇಟು ಅಷ್ಟೇ. ಸುತ್ತಮುತ್ತ ಏನೂ ಇಲ್ಲ. ಆನ್‌ಲೈನಲ್ಲಿ ದೂರು ಹಾಕಿದೆ. ಮೂರು ದಿನಕ್ಕೆ 'ಪರಿಶೀಲಿಸಲಾಗಿದೆ, ದೂರು ಮುಕ್ತಾಯ' ಎಂದು ಒಂದು ಸಾಲಿನ ಉತ್ತರ ಬಂತು. ರಿಯಾಯಿತಿ ಮುಗಿಯಲು ಎರಡು ದಿನ ಉಳಿದಿತ್ತು. ಗೆಳತಿ ಹೇಳಿದಳು: 'ನಿಂಗೇನ್ ಹುಚ್ಚಾ? ಒಂದು ದಿನದ ರಜೆಯ ಬೆಲೆ ಅದಕ್ಕಿಂತ ಜಾಸ್ತಿ.' ಅವಳು ಹೇಳಿದ್ದು ಸುಳ್ಳಲ್ಲ.

ಆದರೂ ಫಾಸ್ಟ್‌ಟ್ಯಾಗ್ ಮೆಸೇಜು ಹುಡುಕಿದೆ. ಅದು ನನ್ನ ಬ್ಯಾಂಕ್ ಖಾತೆಗೆ ಜೋಡಿಸಿದ್ದು, ಹಾಗಾಗಿ ಮೆಸೇಜು ನನ್ನ ಫೋನಿಗೇ ಬಂದಿತ್ತು. ಟೋಲ್ ದಾಟಿದ್ದು 11.04ಕ್ಕೆ, ಕ್ಯಾಮೆರಾ ಫೋಟೊ ತೆಗೆದದ್ದು 11.12ಕ್ಕೆ. ನಡುವೆ ಇರುವುದು ಏಳು ಕಿಲೋಮೀಟರ್. ಎಂಟು ನಿಮಿಷಕ್ಕೆ ಏಳು ಕಿಲೋಮೀಟರ್ ಅಂದರೆ ಗಂಟೆಗೆ ಸುಮಾರು 52ರ ಸರಾಸರಿ. ಇದು ಪೂರ್ತಿ ಪುರಾವೆ ಅಲ್ಲ, ಒಪ್ಪುತ್ತೇನೆ. ನಿಧಾನಕ್ಕೆ ಬಂದವನು ಕ್ಯಾಮೆರಾ ಮುಂದೆ ಮಾತ್ರ ಜೋರಾಗಿ ಹೋಗಿರಲೂಬಹುದು. ಆದರೆ ಅಪ್ಪನ ಮಾತಿನ ಪರವಾಗಿ ಒಂದು ಕಾಗದವಾದರೂ ನನ್ನ ಕೈಯಲ್ಲಿತ್ತು.

ಫೆಬ್ರವರಿ 11 ಕಳೆಯಿತು. ನಾನು ಕಟ್ಟಲಿಲ್ಲ.

ಅರ್ಧ ಸೆಕೆಂಡಿನ ಎರಡು ಚಿತ್ರ

ಮುಂದಿನ ವಾರ ರಜೆ ಹಾಕಿ ಅಪ್ಪನ ಜೊತೆ ಸಂಬಂಧಪಟ್ಟ ಠಾಣೆಗೆ ಹೋದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡಿದ್ದರು. ಮೊದಲು ಸಿಕ್ಕವರು, 'ಮಷಿನ್ ಸುಳ್ಳು ಹೇಳಲ್ಲ ಮೇಡಂ. ಬೇಡ ಅಂದ್ರೆ ಕೋರ್ಟಲ್ಲಿ ಹೇಳ್ಕೊಳ್ಳಿ' ಅಂದರು. ನಾನು ದನಿ ಏರಿಸುವುದರಲ್ಲಿದ್ದೆ. ಅಪ್ಪ ನನ್ನ ಕೈ ಒತ್ತಿ, 'ಕೋರ್ಟಿಗೂ ಬರ್ತೀವಿ ಸಾರ್. ಅದಕ್ಕೂ ಮುಂಚೆ ಪೂರ್ತಿ ಫೋಟೊ ಒಂದ್ಸಲ ತೋರ್ಸಿ. ನಾನು ತಪ್ಪು ಮಾಡಿದ್ರೆ ಇಲ್ಲೇ ಸಾವಿರ ಕಟ್ತೀನಿ' ಅಂದರು.

ಎರಡು ಗಂಟೆ ಕಾದ ಮೇಲೆ ಒಬ್ಬ ಸಬ್ ಇನ್ಸ್‌ಪೆಕ್ಟರ್ ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದರು. ಹಿಂದಿನಿಂದ ತೆಗೆದ ಎರಡು ಚಿತ್ರ, ನಡುವೆ ಅರ್ಧ ಸೆಕೆಂಡ್ ಅಂತರ. ಚಿತ್ರದಲ್ಲಿ ನಮ್ಮ ಕಾರು ಒಂದೇ ಇರಲಿಲ್ಲ! ನಾವು ಎಡ ಲೇನಿನಲ್ಲಿ. ಬಲ ಲೇನಿನಲ್ಲಿ ಇನ್ನೊಂದು ಬಿಳಿ ಕಾರು, ಬಿಸಿಲು ಹೊಡೆದು ಅದರ ನಂಬರ್ ಪ್ಲೇಟು ಬರೀ ಹೊಳಪು. ಮೊದಲ ಚಿತ್ರದಲ್ಲಿ ಎರಡೂ ಸಮಸಮ. ಎರಡನೆಯದರಲ್ಲಿ ಆ ಕಾರು ನಮ್ಮದನ್ನು ದಾಟಿ ಹೆಚ್ಚುಕಡಿಮೆ ಎರಡು ಗಾಡಿಯಷ್ಟು ಮುಂದೆ.

ನಾನು ಫೋನಲ್ಲಿ ಲೆಕ್ಕ ಹಾಕಿದೆ. ಗಂಟೆಗೆ 98 ಅಂದರೆ ಸೆಕೆಂಡಿಗೆ 27 ಮೀಟರಿಗಿಂತ ಹೆಚ್ಚು, ಅರ್ಧ ಸೆಕೆಂಡಿಗೆ ಸುಮಾರು ಹದಿಮೂರೂವರೆ ಮೀಟರ್. ನಮ್ಮ ಕಾರಿನ ಉದ್ದ ಸುಮಾರು 3.6 ಮೀಟರ್. ಅಂದರೆ ನಾವು ಹತ್ತಿರ ಹತ್ತಿರ ನಾಲ್ಕು ಗಾಡಿಯುದ್ದ ಸರಿದಿರಬೇಕಿತ್ತು. ರಸ್ತೆಯ ಬಿಳಿ ಗೆರೆಗಳನ್ನು ಹಿಡಿದು ನೋಡಿದರೆ ಸರಿದದ್ದು ಎರಡೇ. ಅದು ಗಂಟೆಗೆ ಐವತ್ತು ಚಿಲ್ಲರೆ.

ಅಪ್ಪನಿಗೆ ಲೆಕ್ಕ ಬೇಕಾಗಲಿಲ್ಲ. ಬಗ್ಗಿ ನೋಡಿ, 'ಸಾರ್, ನಾನು ತೊಂಬತ್ತೆಂಟರಲ್ಲಿ ಇದ್ದಿದ್ರೆ, ಅರ್ಧ ಸೆಕೆಂಡಲ್ಲಿ ನನ್ನ ಇಷ್ಟು ಹಿಂದೆ ಹಾಕೋಕೆ ಅವನು ನೂರ ನಲವತ್ತರ ಮೇಲೆ ಹೋಗ್ಬೇಕಿತ್ತು. ಅವನ ಮೇಲೆ ಕೇಸ್ ಯಾಕಿಲ್ಲ?' ಅಂತ ಕೇಳಿದರು.

ಸಬ್ ಇನ್ಸ್‌ಪೆಕ್ಟರ್ ಎರಡೂ ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ನೋಡಿದರು. ರಾಡಾರ್ ಕಿರಣ ದೂರ ಹೋದಷ್ಟೂ ಅಗಲವಾಗುತ್ತದೆ, ಅಕ್ಕಪಕ್ಕ ಎರಡು ವಾಹನ ಇದ್ದರೆ ಯಾವುದರ ವೇಗ ಯಾವುದಕ್ಕೆ ಅಂಟಿತು ಎಂದು ಮನುಷ್ಯರೇ ನೋಡಿ ಖಚಿತ ಮಾಡಬೇಕು ಎಂದು ಅವರೇ ವಿವರಿಸಿದರು. ನಮ್ಮ ಕೇಸಿನಲ್ಲಿ ಆದದ್ದು ಇಷ್ಟೇ: ಓದಲು ಸಿಕ್ಕ ನಂಬರ್ ನಮ್ಮದು, ಅಳತೆಯಾದ ವೇಗ ಅವರದು. 'ಬರೆದು ಕೊಡಿ, ಮೇಲಕ್ಕೆ ಕಳಿಸ್ತೀನಿ' ಅಂದರು. ಚಲನ್ ಸಂಖ್ಯೆ, ಆ ಎರಡು ಚಿತ್ರಗಳ ವಿವರ, ಟೋಲ್ ಮೆಸೇಜಿನ ಪ್ರತಿ ಎಲ್ಲ ಸೇರಿಸಿ ಒಂದು ಪುಟದ ಮನವಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಮೂರು ವಾರದ ಮೇಲೆ ನೋಡಿದಾಗ ನನ್ನ ನಂಬರಿನ ಮುಂದೆ 'ಬಾಕಿ ಇಲ್ಲ' ಎಂದಿತ್ತು.

ನಿಮಗೂ ಹೀಗಾದರೆ

* ಆರ್‌ಸಿಯಲ್ಲಿರುವ ಮೊಬೈಲ್ ನಂಬರ್ ಸರಿ ಇದೆಯಾ, ಇವತ್ತೇ ನೋಡಿ.
* ದಂಡ ಕಟ್ಟುವ ಮೊದಲು ಫೋಟೊ ನೋಡಿ. ಗಾಡಿ ನಿಮ್ಮದೇನಾ? ಬಣ್ಣ, ಮಾದರಿ ಹೊಂದುತ್ತದಾ? 8 ಮತ್ತು ಬಿ, 0 ಮತ್ತು ಡಿ ಅಕ್ಷರಗಳನ್ನು ಕ್ಯಾಮೆರಾ ಅದಲುಬದಲು ಓದುವುದುಂಟು.
* ಚಿತ್ರದಲ್ಲಿ ಇನ್ನೊಂದು ವಾಹನ ಇದ್ದರೆ ಪೂರ್ತಿ ಚಿತ್ರ ಕೇಳಿ.
* ಟೋಲ್ ಮೆಸೇಜು, ಪೆಟ್ರೋಲ್ ಬಿಲ್ಲು, ಡ್ಯಾಶ್‌ಕ್ಯಾಮ್ ದೃಶ್ಯ ಅಳಿಸಬೇಡಿ.
* ದೂರು ಬರಹದಲ್ಲೇ ಇರಲಿ, ಸ್ವೀಕೃತಿ ಪಡೆಯಿರಿ. ಕೋರ್ಟಿನ ನೋಟಿಸ್ ಬಂದರೆ ನಿರ್ಲಕ್ಷಿಸಬೇಡಿ, ಹಾಜರಾಗಿ ಹೇಳಿ.
* ನಿಯಮಗಳಿಗೆ ಆಗಾಗ ತಿದ್ದುಪಡಿ ಆಗುತ್ತದೆ. ನಿಮ್ಮ ಚಲನ್ ಮೇಲಿರುವ ಗಡುವನ್ನೇ ನಂಬಿ.

ಕ್ಯಾಮೆರಾ ಬೇಡ ಅಂತ ನಾನು ಹೇಳುತ್ತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ನಿಜವಾಗಿ ಜೋರಾಗಿ ಹೋಗಿದ್ದರೆ ಮರುಮಾತಾಡದೆ ಕಟ್ಟಬೇಕು. ತಪ್ಪು ಹೆಸರಿಗೆ ಬಿದ್ದ ದಂಡವನ್ನು ಕಟ್ಟಿಬಿಟ್ಟರೆ ನಿಜವಾಗಿ ಜೋರಾಗಿ ಹೋದವನು ತಪ್ಪಿಸಿಕೊಂಡ ಹಾಗೆಯೇ. ಆ ಬಿಳಿ ಕಾರಿನವನಿಗೆ ಇವತ್ತಿಗೂ ವಿಷಯ ಗೊತ್ತಿರಲಿಕ್ಕಿಲ್ಲ.

ಠಾಣೆಯಿಂದ ವಾಪಸ್ ಬರುವಾಗ ಕಾರು ಓಡಿಸಿದ್ದು ನಾನು. 'ಅಪ್ಪ, ಅವತ್ತು ಹಾಗೆ ಅಂದಿದ್ದಕ್ಕೆ ಸಾರಿ' ಅಂದೆ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದವರು ಮೀಟರ್ ಕಡೆ ತಿರುಗಿ, 'ಅದಿರ್ಲಿ, ಇಲ್ಲಿ ಅರವತ್ತೇ ಕಣಮ್ಮ, ಸ್ವಲ್ಪ ನಿಧಾನ' ಅಂದರು.

ಮುಳ್ಳು ಅರವತ್ನಾಲ್ಕರಲ್ಲಿತ್ತು.