ಮುಸುಕು, ಸ್ಥಳಾಂತರ, ನೆಲಸಮ: ಬೆಂಗಳೂರಿನ ಸ್ಮಾರಕಗಳ ಅಧ್ಯಯನದ ಕೆಲವು ನೆಲೆಗಳು

ವಸಾಹತೋತ್ತರ ನಗರಗಳ ಸ್ಮಾರಕಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಪ್ರತಿಮೆ ಇರಬೇಕೇ, ಬೇಡವೇ? ಸಂಶೋಧನೆಯ ದೃಷ್ಟಿಯಿಂದ ಇದು ಬಡವಾದ ಪ್ರಶ್ನೆ. ಇರುವಿಕೆ ಮತ್ತು ಇಲ್ಲದಿರುವಿಕೆಗಳ ನಡುವೆ ಸ್ಮಾರಕಗಳು ಹಲವು ಸ್ಥಿತಿಗಳನ್ನು ಹಾದು ಬರುತ್ತವೆ; ನೆನಪಿನ ರಾಜಕಾರಣದ ಚಹರೆಗಳು ಅಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತವೆ. ಬೆಂಗಳೂರಿನ ಮೂರು ನಿದರ್ಶನಗಳನ್ನು ಈ ನೆಲೆಯಲ್ಲಿ ಪರಿಶೀಲಿಸಬಹುದು.

1791ರಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪು ಸುಲ್ತಾನನಿಂದ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡಿತು. ಆ ಯುದ್ಧದಲ್ಲಿ ಮಡಿದ ಕಂಪನಿ ಸೈನ್ಯದವರ ನೆನಪಿಗಾಗಿ ನಿಂತಿದ್ದ ಸೆನೊಟಾಫ್ ಸ್ತಂಭವನ್ನು ಕನ್ನಡ ಹೋರಾಟಗಾರರ ಒತ್ತಾಯದ ಹಿನ್ನೆಲೆಯಲ್ಲಿ 1964ರಲ್ಲಿ ನೆಲಸಮಗೊಳಿಸಲಾಯಿತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಇದನ್ನು ವಸಾಹತುವಿರೋಧಿ ಕ್ರಿಯೆ ಎಂದಷ್ಟೇ ಓದಿದರೆ ಮುಖ್ಯವಾದ ಸಂಗತಿಯೊಂದು ತಪ್ಪಿಹೋಗುತ್ತದೆ. ಅದೇ ಮುತ್ತಿಗೆಯಲ್ಲಿ ಕೋಟೆಯನ್ನು ಕಾಯುತ್ತ ಮಡಿದ ಕಿಲ್ಲೇದಾರ ಬಹಾದುರ್ ಖಾನನ ಹೆಸರು ಆ ರಸ್ತೆಗೆ ಬರಲಿಲ್ಲ. ಬಂದದ್ದು ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಅರಸನ ಹೆಸರು. ಗೆದ್ದವರ ನೆನಪು ತೆರವಾದ ಜಾಗವನ್ನು ಸೋತವರ ನೆನಪಲ್ಲ, ಏಕೀಕರಣೋತ್ತರ ಭಾಷಿಕ ಅಸ್ಮಿತೆ ತುಂಬಿತು. ಹೀಗೆ 1791 ಎಂಬ ವರ್ಷವೇ ಆ ರಸ್ತೆಯಿಂದ ಅಳಿಸಿಹೋಯಿತು.

ಕಮಿಷನರ್ ಮಾರ್ಕ್ ಕಬ್ಬನ್‌ನ ಅಶ್ವಾರೋಹಿ ಪ್ರತಿಮೆಯ ಕಥೆ ಬೇರೆ ಬಗೆಯದು. ಮರೊಚೆಟ್ಟಿ ರೂಪಿಸಿದ ಈ ಪ್ರತಿಮೆ ಬಹುಕಾಲ ಅಠಾರ ಕಚೇರಿಯ, ಅಂದರೆ ಹೈಕೋರ್ಟಿನ, ಆವರಣದಲ್ಲಿತ್ತು. 2020ರಲ್ಲಿ ಅದನ್ನು ಪಕ್ಕದ ಉದ್ಯಾನಕ್ಕೆ ಸಾಗಿಸಲಾಯಿತು. ಅಧಿಕಾರದ ಅಂಗಳದಿಂದ ಹೊರಬಂದ ಪ್ರತಿಮೆ ವಿಹಾರದ ವಸ್ತುವಾಯಿತು. ಆ ಉದ್ಯಾನದ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಕಬ್ಬನ್ ಪಾರ್ಕ್.

ಮೂರನೆಯದು ಹಲಸೂರಿನ ತಿರುವಳ್ಳುವರ್ ಪ್ರತಿಮೆ. ಕಾವೇರಿ ವಿವಾದ ಉಲ್ಬಣಗೊಂಡಿದ್ದ 1991ರಲ್ಲಿ ಸಿದ್ಧವಾಗಿದ್ದ ಇದು ವಿರೋಧದ ಕಾರಣದಿಂದ ಹದಿನೆಂಟು ವರ್ಷ ಮುಸುಕಿನಲ್ಲೇ ಉಳಿಯಿತು. ಇಲ್ಲಿ ವಸಾಹತುಶಾಹಿ ಪಕ್ಕಕ್ಕೆ ಸರಿದು, ನೆರೆಯ ಎರಡು ದ್ರಾವಿಡ ಭಾಷೆಗಳು ಮುಖಾಮುಖಿಯಾಗುತ್ತವೆ. ಕಣ್ಣಿಗೆ ಕಾಣದ ಪ್ರತಿಮೆಯನ್ನು ಕುರಿತು ನಗರ ಇಷ್ಟು ದೀರ್ಘಕಾಲ ಮಾತನಾಡಿದ್ದನ್ನು ನೋಡಿದರೆ, ಮುಸುಕೇ ಸ್ಮಾರಕವಾಗಿತ್ತೆನ್ನಬಹುದು.

ಇಂಥ ಅಧ್ಯಯನಕ್ಕೆ ಬೇಕಾದ ಪರಿಕರಗಳು ಕನ್ನಡ ಸಂಶೋಧನೆಗೆ ಹೊಸವೇನಲ್ಲ. ಬೆಂಗಳೂರು ಕಾಳಗವನ್ನು ಹೆಸರಿಸುವ ಬೇಗೂರಿನ ವೀರಗಲ್ಲಿನ ಮುಂದೆ ವಿದ್ವಾಂಸರು ಕೇಳಿದ ಪ್ರಶ್ನೆಗಳೇ ಇಲ್ಲಿಯೂ ಸಲ್ಲುತ್ತವೆ: ಕಲ್ಲನ್ನು ನಿಲ್ಲಿಸಿದವರು ಯಾರು, ಹೆಸರು ಪಡೆದವರು ಯಾರು, ಅದು ಮೂಲಸ್ಥಾನದಲ್ಲಿದೆಯೇ? ವೀರಗಲ್ಲಿಗೆ ತೋರಿದ ಈ ಶ್ರದ್ಧೆಯನ್ನು ಕಂಚಿನ ಪ್ರತಿಮೆಗೂ ತೋರಬೇಕು. ಜೊತೆಗೆ ನಗರಪಾಲಿಕೆಯ ನಡಾವಳಿಗಳು, ನ್ಯಾಯಾಲಯದ ದಾಖಲೆಗಳು ಹಾಗೂ ಪತ್ರಿಕೆಗಳನ್ನು ಆಡುಮಾತಿನ ಸ್ಥಳನಾಮಗಳೊಂದಿಗೆ ಹೋಲಿಸಿ ಓದಬೇಕು.

ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕು ದಿನಗಳ ಬಳಿಕ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಈ ವಿನಿಮಯದ ಅಧ್ಯಯನವನ್ನು ಹಲಸೂರಿನಲ್ಲಿ ಮಾತ್ರ ನಡೆಸಿದರೆ ಅರ್ಧ ಪಠ್ಯವನ್ನಷ್ಟೇ ಓದಿದಂತಾಗುತ್ತದೆ. ಸರ್ವಜ್ಞನನ್ನು ದಿನನಿತ್ಯ ಹಾದುಹೋಗುವ ಅಯನಾವರಂನ ತಮಿಳರಿಗೆ ಆತ ಯಾರೆಂದು ಅಲ್ಲಿಗೇ ಹೋಗಿ ಕೇಳಬೇಕು.